ಸೇತುವೆಯ ಸಂದಿನ ಅರಳಿ

ಅವರ ಎಡಗಿವಿಗೆ ಯಾವಾಗಲೂ ಸಿಮೆಂಟಿನ ಧೂಳು ಮೆತ್ತಿರುತ್ತಿತ್ತು. ನಮ್ಮ ಲೋಕೋಪಯೋಗಿ ಇಲಾಖೆಯ ಗ್ಯಾಂಗ್ ಮೇಸ್ತ್ರಿ ಸೇತುವೆಯ ಕಂಬಕ್ಕೆ ಕಿವಿಯೊತ್ತಿ ನಿಲ್ಲುತ್ತಿದ್ದರು. ಮೇಲೆ ಬಸ್ಸು ಹಾದುಹೋಗಿ ಎಷ್ಟೋ ಹೊತ್ತಾದರೂ ಕೇಳುತ್ತಲೇ ಇರುತ್ತಿದ್ದರು. ಏನು ಕೇಳಿಸುತ್ತದೆ ಎಂದು ವಿಚಾರಿಸಲು ನನಗೆ ಒಂದು ಬಗೆಯ ಭಯ.

ಮಾಗಡಿಗೆ ನಾನು ಎಂಜಿನಿಯರಾಗಿ ಬಂದಾಗ, ಮಳೆಗಾಲಕ್ಕೆ ಮುಂಚಿನ ಕೆಲಸಗಳ ಪಟ್ಟಿ ಮಾಡುವುದನ್ನು ಕಲಿಸಿದವರು ಅವರೇ. ಯಾವ ಸೇತುವೆಯ ನೀರಿನ ಕೊಳವೆ ಕಟ್ಟಿಕೊಂಡಿದೆ, ಯಾವುದರ ಸಂದಿನಲ್ಲಿ ಗಿಡ ಹುಟ್ಟಿದೆ, ಎಲ್ಲ ಅವರಿಗೆ ಬಾಯಿಪಾಠ. ಓದಿಕೊಂಡ ನನಗೆ ಇದೆಲ್ಲ ಚಿಲ್ಲರೆ ಕೆಲಸವಾಗಿ ಕಾಣುತ್ತಿತ್ತು. "ಈಗ ಎರಡು ಬೆರಳಲ್ಲಿ ಆಯ್ತದೆ ಮೇಡಂ. ಬುಟ್ರೆ ಸೇತುವೇನೇ ಒಡೀಬೇಕಾಯ್ತದೆ," ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ತಿಪ್ಪಸಂದ್ರದ ದಾರಿಯ ಸೇತುವೆಯ ಸಂದಿನಲ್ಲಿ ಗೇಣುದ್ದದ ಅರಳಿ ಗಿಡ ಕಂಡಿತು. ಯಾರೋ ಆಗಲೇ ದಾರ ಸುತ್ತಿ ಕುಂಕುಮ ಇಟ್ಟಿದ್ದರು. ಅರಳಿ ಕಿತ್ತವರಿಗೂ ಕೀಳಿಸಿದವರಿಗೂ ಒಳ್ಳೆಯದಾಗುವುದಿಲ್ಲ ಎಂದು ಕೂಲಿಯವರು ದೂರ ನಿಂತರು. ಕೀಳಿಸುವವಳು ನಾನು. ಆಗ ನಾನು ಏಳು ತಿಂಗಳ ಬಸುರಿ. ಓದು ಬರಹವೆಲ್ಲ ಎಲ್ಲಿ ಹೋಯಿತೋ, ಪಟ್ಟಿಯಲ್ಲಿ 'ಮುಂದಿನ ವರ್ಷ' ಎಂದು ಬರೆಯಲು ಪೆನ್ನು ತೆಗೆದೆ.

ಮೇಸ್ತ್ರಿ ಕಲ್ಲಿಗೆ ಕಿವಿಯಿಟ್ಟರು. "ಬೇರು ಒಳಗೆ ನಡೀತಾ ಐತೆ," ಎಂದರು ಮೆಲ್ಲಗೆ. ನನಗೆ ಜೀಪಿನಲ್ಲಿ ಕೂತು ಮುಖ ಆಚೆ ತಿರುಗಿಸಿಕೊಳ್ಳಲು ಹೇಳಿದರು. ತಡೆಯಲಾರದೆ ತಿರುಗಿ ನೋಡಿದೆ; ಅವರೇ ಕೀಳುತ್ತಿದ್ದರು. ಗಿಡ ಗೇಣುದ್ದ, ಬೇರು ಮಾತ್ರ ಮೊಳದ ಮೇಲೆ ಮೊಳ ಬರುತ್ತಲೇ ಇತ್ತು. ಹಳ್ಳದಲ್ಲಿ ಹನಿ ನೀರಿಲ್ಲದ ದಿನಗಳವು, ಆದರೂ ಬೇರು ಪೂರ್ತಿ ಒದ್ದೆ. ಅದನ್ನು ಟವೆಲಿನಲ್ಲಿ ಸುತ್ತಿ ಒಯ್ದು ಊರಾಚೆಯ ಗುಂಡುತೋಪಿನ ಮರಗಳ ನಡುವೆ ನೆಟ್ಟು ಬಂದರು.

ನನ್ನ ಮಗಳು ಹುಟ್ಟಿದ ವಾರವೇ ಅವರು ತೀರಿಕೊಂಡರು. ರಾತ್ರಿ ಮಲಗಿದವರು ಏಳಲಿಲ್ಲ. ಬಾಣಂತನ ಮುಗಿಸಿ ಬೈರಾಪಟ್ಟಣದ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಸಮಾಧಾನದ ಮಾತು ಮುಗಿಯಲು ಬಿಡದೆ ಮಗು ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ.

"ಹಂಗಾರೆ ಅದು ಇವ್ರ ಮಾತು ಕೇಳ್ತು," ಎಂದರು. "ಏನಿದ್ರೂ ನಂಗೇ ಇರ್ಲಿ, ಆ ಹೆಣ್ಮಗಳ ತಂಟೆಗೆ ಹೋಗ್ಬ್ಯಾಡ ಅಂತ ಗಿಡುಕ್ಕೆ ಹೇಳೇ ಕಿತ್ತಿದ್ರಂತೆ."

ಅವರ ಹೃದಯ ಮೊದಲೇ ದುರ್ಬಲವಾಗಿತ್ತು ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತು. ಸೇತುವೆ ಇಂದಿಗೂ ಗಟ್ಟಿಯಾಗಿದೆ, ದೊಡ್ಡ ರಿಪೇರಿ ಬಂದಿಲ್ಲ. ಮಗಳಿಗೆ ಈಗ ಆರು ವರ್ಷ. ಅವಳ ಹುಟ್ಟುಹಬ್ಬದ ಹಿಂದೆಮುಂದೆಯೇ ಅವರ ತಿಥಿ. ಪ್ರತಿ ವರ್ಷ ಹೋಗಿ ಊಟ ಮಾಡಿ ಬರುತ್ತೇನೆ. "ಮಗೂನ ಒಂದ್ಸಲ ಕರ್ಕೊಂಡ್ ಬನ್ನಿ, ನೋಡ್ತೀನಿ," ಎನ್ನುತ್ತಾರೆ ಅವರ ಹೆಂಡತಿ. ಆ ಧೈರ್ಯ ನನಗೆ ಇನ್ನೂ ಬಂದಿಲ್ಲ.