ಆಯುಧಪೂಜೆಯ ದಿನ ಆಫ್ ಆದ ಸರ್ವರ್

ದೆವ್ವ, ಶಕುನ ಎಂದರೆ ನಗುತ್ತಿದ್ದವನು ನಾನು. ಈಗ ನಂಬುತ್ತೇನೆ ಎಂದಲ್ಲ. ಆದರೆ ಮುಂಚಿನಂತೆ ನಗಲು ಬರುವುದಿಲ್ಲ. ನೀವು ಓದಿ ನಗುವುದಾದರೆ ಧಾರಾಳವಾಗಿ ನಗಿ, ನನಗೇನೂ ಬೇಸರವಿಲ್ಲ.

ಮನೆಗಳಿಗೆ ಬ್ರಾಡ್‌ಬ್ಯಾಂಡ್ ಆಗ ತಾನೇ ಬರುತ್ತಿದ್ದ ಕಾಲ. ಚಾಮರಾಜಪೇಟೆಯ ಒಂದು ಸಣ್ಣ ಟ್ರಸ್ಟಿನ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಟ್ರಸ್ಟ್ ಎಂದರೆ ಶಾರದಾ ಮೇಡಂ ಒಬ್ಬರೇ ಎಂದರೂ ನಡೆಯುತ್ತದೆ. ಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರು ಅಜ್ಜಿಯರನ್ನು ಹುಡುಕಿಕೊಂಡು ಹೋಗಿ ಮದುವೆಯ ಹಸೆ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದರು. ತೀರಿಕೊಂಡ ಅವರಮ್ಮನ ದನಿಯೂ ಅದರಲ್ಲಿತ್ತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಾಗ ಎಲ್ಲವನ್ನೂ ನಾನು ಸರ್ವರ್‌ಗೆ ಹಾಕಿದ್ದೆ. ಆಮೇಲೆ ಕ್ಯಾಸೆಟ್ಟುಗಳು ಪೂರ್ತಿ ಹಾಳಾದವು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಮೇಡಂ ಸರ್ವರ್‌ಗೂ ಪೂಜೆ ಮಾಡಿ, "ಒಂದು ದಿನ ಇದಕ್ಕೂ ರಜಾ ಕೊಡಪ್ಪ" ಎಂದರು.

"ಸರ್ವರ್‌ಗೆಲ್ಲಿ ರಜಾ ಮೇಡಂ? ಎರಡನೇ ಡಿಸ್ಕಿಗೆ ಕಾಪಿ ಹಾಕಿದೀನಿ, ಸಂಜೆಗೆ ಮುಗಿಯುತ್ತೆ. ನಿಮ್ಮಮ್ಮನ ಹಾಡು ಉಳೀಲಿ ಅಂತಾನೇ ಮಾಡ್ತಿರೋದು."

ಮೇಡಂ ಟ್ರಸ್ಟಿನ ಕೋಣೆಗೆ ಬೀಗ ಹಾಕಿ, ಇದ್ದ ಒಂದೇ ಕೀ ತೆಗೆದುಕೊಂಡು ಮಲ್ಲೇಶ್ವರದ ಮನೆಗೆ ಹೋದರು.

ಬಸವನಗುಡಿಯ ನಮ್ಮ ಮನೆಯಲ್ಲಿ ಒಬ್ಬಟ್ಟಿನ ಊಟ ಮುಗಿಸಿ ನಾನು ಕಂಪ್ಯೂಟರ್ ಮುಂದೆ ಕೂತೆ. ಸರ್ವರಿನ ಬಿಸಿ, ಫ್ಯಾನಿನ ವೇಗ, ಕರೆಂಟು ಎಲ್ಲವನ್ನೂ ಮನೆಯಿಂದಲೇ ನೋಡುವ, ದೂರದಿಂದಲೇ ಆನ್ ಮಾಡುವ ಒಂದು ಕಾರ್ಡನ್ನು ಅದರೊಳಗೆ ಹಾಕಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತೆನ್ನಿ. ನೋಡಿದರೆ ಸರ್ವರ್ ಆಫ್ ಆಗಿತ್ತು. ಬಿಸಿ ಹೆಚ್ಚಿರಲಿಲ್ಲ, ಕರೆಂಟೂ ಇತ್ತು. ಮುಂಭಾಗದ ಬಟನ್ ಒತ್ತಿ ನಿಲ್ಲಿಸಲಾಗಿದೆ ಎಂದು ಕಾರ್ಡ್ ತೋರಿಸುತ್ತಿತ್ತು. ಆನ್ ಮಾಡಿದೆ. ಕಾಪಿ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಆಫ್, ಅದೇ ಕಾರಣ.

ಮೇಡಂಗೆ ಫೋನ್ ಮಾಡಿದೆ. ಕೀ ದೇವರ ಮನೆಯಲ್ಲೇ ಇದೆ ಎಂದರು. ವಿಷಯ ಕೇಳಿ, "ಬೇಡ ಅಂತಿದೆಯೇನೋಪ್ಪ. ಇವತ್ತು ಬಿಟ್ಬಿಡು" ಎಂದರು.

ಬಟನ್ ಕೆಟ್ಟಿರಬೇಕು ಎಂದುಕೊಂಡೆ. ಕೆಟ್ಟ ಯಂತ್ರದಲ್ಲಿ ಒಂದೇ ಪ್ರತಿ ಇಟ್ಟುಕೊಂಡು ಕೂರುವುದಕ್ಕಿಂತ ಬೇಗ ಕಾಪಿ ಮುಗಿಸುವುದು ಮೇಲು. ಈ ಲೆಕ್ಕದಲ್ಲಿ ನನಗೆ ಇವತ್ತಿಗೂ ತಪ್ಪು ಕಾಣುವುದಿಲ್ಲ. ಮತ್ತೆ ಆನ್ ಮಾಡಿದೆ. ಈ ಸಲ ಯಾರೂ ತಡೆಯಲಿಲ್ಲ. ಸಂಜೆಯ ಹೊತ್ತಿಗೆ ಸಂಪರ್ಕವೇ ಕಡಿದುಹೋಯಿತು.

ಮೇಡಂ ಕೀ ತಂದು, ನಾವಿಬ್ಬರೂ ಬೀಗ ತೆಗೆದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಯಂತ್ರಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಸುಟ್ಟು, ಓಡುತ್ತಿದ್ದ ಎರಡೂ ಡಿಸ್ಕುಗಳನ್ನು ಹಾಳು ಮಾಡಿತ್ತು. ಸರ್ವರ್ ಆಫ್ ಆಗಿದ್ದಿದ್ದರೆ ಡಿಸ್ಕುಗಳು ಉಳಿಯುತ್ತಿದ್ದವು. ಬೆಳಿಗ್ಗೆ ಪೂಜೆಯಲ್ಲಿ ಮೇಡಂ ಆ ಬಟನ್ನಿನ ಮೇಲೇ ಗಂಧದ ಬೊಟ್ಟು ಇಟ್ಟಿದ್ದರು. ಅದು ಒಣಗಿ ಹಾಗೇ ಇತ್ತು, ಒಂದು ಬಿರುಕೂ ಇರಲಿಲ್ಲ.

ತಿಳಿದವರನ್ನೆಲ್ಲ ಕೇಳಿದ್ದೇನೆ. ಪವರ್ ಸಪ್ಲೈ ಕೈಕೊಟ್ಟರೆ ಕಾರ್ಡ್ ಹಾಗೆಂದೇ ತೋರಿಸುತ್ತದೆ, ಬಟನ್ ಒತ್ತಿದರು ಎನ್ನುವುದಿಲ್ಲ ಎನ್ನುತ್ತಾರೆ. ಯಾರು ಒತ್ತಿದರೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವ ಹಾಗೂ ಕಾಣುವುದಿಲ್ಲ.

ಮೇಡಂ ಬೈಯಲಿಲ್ಲ. ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿದರು.

"ಅಮ್ಮನ ಹಾಡು ನೆನಪು ಮಾಡ್ಕೋತಿದೀನಪ್ಪ. ಎರಡು ಸಾಲು ಬಂತು, ಮುಂದಕ್ಕೆ ಹೋಗ್ತಿಲ್ಲ. ಕಂಪ್ಯೂಟರಿಗೆ ಹಾಕುವಾಗ ನೀನು ಕೇಳಿರ್ತೀಯಲ್ಲ, ಮೂರನೇ ಸಾಲು ಏನಿತ್ತು?"

ನಾನು ಕೇಳಿರಲಿಲ್ಲ. ಆ ಹಾಡುಗಳನ್ನೆಲ್ಲ ಸ್ಪೀಕರಿನ ಸೌಂಡ್ ಪೂರ್ತಿ ಇಳಿಸಿಟ್ಟು ಹಾಕಿದ್ದೆ.