ಬೀಗರ ಮುಂದೆ ಕೇಳಿದ ಪ್ರಶ್ನೆ

ಗರ್ಭಿಣಿಯರ ಸಮೀಕ್ಷೆಗೆ ಮನೆಮನೆ ತಿರುಗುವುದು ನನ್ನ ಕೆಲಸ. ಮೊಬೈಲಿನಲ್ಲಿ ಬರುವ ಪ್ರಶ್ನೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ. 'ನೀವು ಹುಟ್ಟಿದ್ದು ತಿಂಗಳು ತುಂಬಿಯೋ, ಮೊದಲೋ?' ಅನ್ನುವುದೂ ಅದರಲ್ಲೊಂದು. ತಾಯಿಯೇ ದಿನ ತುಂಬದೆ ಹುಟ್ಟಿದವಳಾದರೆ ಅವಳ ಹೆರಿಗೆಯೂ ಬೇಗ ಆಗುವ ಸಂಭವ ತುಸು ಹೆಚ್ಚಂತೆ. ಆದರೆ ಯಾರ ಮುಂದೆ ಏನು ಕೇಳಬೇಕು ಅನ್ನುವುದು ಮೊಬೈಲಿಗೆ ಗೊತ್ತಾಗುವುದಿಲ್ಲ.

ದಾವಣಗೆರೆಯ ವಿನೋಬನಗರದಲ್ಲಿ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋಡಿಕೊಂಡು ಹೋಗಲು ಹರಿಹರದಿಂದ ಅವಳ ಅತ್ತೆಯೂ ಬಂದಿದ್ದರು. ನಾನು ಈ ಪ್ರಶ್ನೆ ಕೇಳಿದಾಗ ಹುಡುಗಿ ತನ್ನ ತಾಯಿಯ ಮುಖ ನೋಡಿದಳು.

"ಒಂಬತ್ತು ತುಂಬಿ ಹುಟ್ಟ್ಯಾಳ್ರಿ. ಗುಂಡಗುಂಡಗಿದ್ಲು," ಅಂದರು ತಾಯಿ, ನನಗಲ್ಲ, ಬೀಗಿತ್ತಿಗೆ. ಹಾಗೇ ಬರೆದುಕೊಂಡೆ.

ಹೊರಗೆ ಚಪ್ಪಲಿ ಮೆಟ್ಟುವಾಗ ಆ ತಾಯಿ ಹಿಂದೆಯೇ ಬಂದರು. "ಏಳು ತಿಂಗಳಿಗೇ ಹುಟ್ಟಿದ್ಲು ಮೇಡಂ. ಬುಟ್ಟ್ಯಾಗೆ ಹತ್ತಿ ಹಾಸಿ, ನಮ್ಮ ಮಂಡಕ್ಕಿ ಭಟ್ಟಿ ಹತ್ರ ಬೆಚ್ಚಗಿಟ್ಟು ಉಳಿಸಿಕೊಂಡ್ವಿ. ಬೀಗರಿಗೆ ಹೇಳಬ್ಯಾಡ್ರಿ, ಹುಡುಗಿಗೆ ಶಕ್ತಿ ಇಲ್ಲ ಅಂತಾರೆ."

ತಿದ್ದಿಕೊಂಡೆ. ಡಾಕ್ಟರಿಗೂ ಇದನ್ನು ತಪ್ಪದೆ ಹೇಳಿ ಅಂದೆ.

ಬೀದಿಯ ತಿರುವಿನಲ್ಲಿ ಯಾರೋ ಕೂಗಿದರು. ಹರಿಹರದ ಅತ್ತೆ! ಏದುಸಿರು ಬಿಡುತ್ತಿದ್ದರು.

"ನನ್ನ ಮಗ ಎಂಟು ತಿಂಗಳಿಗೇ ಹುಟ್ಟಿದ್ದು ಮೇಡಂ. ಅದನ್ನೂ ಬರಕೊಳ್ರಿ. ಬೀಗರಿಗೆ ಮಾತ್ರ ಗೊತ್ತಾಗಬಾರ್ದು ನೋಡ್ರಿ."

ನಿಂತಲ್ಲೇ ಮೊಬೈಲೆಲ್ಲ ತಡಕಾಡಿದೆ. ಗಂಡ ಹೇಗೆ ಹುಟ್ಟಿದ ಅಂತ ಅದು ಎಲ್ಲೂ ಕೇಳಿರಲಿಲ್ಲ. ಪಾಪ, ಅಷ್ಟು ದೂರ ಸುಮ್ಮನೆ ಓಡಿಬಂದಿದ್ದರು.