ಉಸ್ತಾದರು ಮತ್ತು ‘ಹಿಂದೆ’ ಎಂಬ ಬಟನ್

ಉಸ್ತಾದರ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಬ್ಬಿಣ, ಎಣ್ಣೆ ಮತ್ತು ಲೇತಿನ ಕಾವು ಆರಿಸಲು ಸುರಿಯುವ ಕೂಲಂಟ್ ನೀರಿನಲ್ಲಿ ಆಡಿ ಆಡಿ ಚರ್ಮ ನುಣುಪಾಗಿ, ಹಳೆಯ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಅಲ್ಲಿಗೆ ಅವರ ಹೆಂಡತಿಯೇ ಹೋಗಬೇಕಿತ್ತು. ನಾನು ನಮ್ಮ ಕಂಪನಿಯ ಹೊಸ ಟಚ್‌ಸ್ಕ್ರೀನನ್ನು ಅವರ ಮುಂದೆ ಇಟ್ಟಾಗಲೂ ಹಾಗೇ ಆಯಿತು. ಮೂರು ಸಲ ಒತ್ತಿದರು, ಸ್ಕ್ರೀನ್ ಅಲುಗಲಿಲ್ಲ. ನಾಲ್ಕನೆಯ ಸಲ ಬೆರಳು ಮಡಚಿ ಗೆಣ್ಣಿನಿಂದ ತಟ್ಟಿದರು.

“ನಿನ್ನ ಮಷೀನ್ ನನ್ನ ಗುರುತು ಹಿಡೀವಲ್ದು ಬೇಟಿ,” ಎಂದರು. ನಗಲಿಲ್ಲ.

ಆಗ ನಾನು ಹಳಿಯಾಳದಲ್ಲಿ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಸೇರಿ ಎರಡು ವರ್ಷವಾಗಿತ್ತು. ಕಬ್ಬಿಣವನ್ನು ತಿರುಗಿಸಿ ಕಡೆಯುವ ಹಳೆಯ ಲೇತ್ ಮಷೀನುಗಳಿಗೆ ಕಂಪ್ಯೂಟರ್ ಕೂರಿಸಿ, ಕೈಯಿಂದ ತಿರುಗಿಸುವ ಕೆಲಸವನ್ನು ಪ್ರೋಗ್ರಾಮಿಗೆ ಒಪ್ಪಿಸುವುದು ಆ ಕಂಪನಿಯ ವ್ಯವಹಾರ. ಮಷೀನ್ ನಡೆಸುವವನ ಕಣ್ಣಮುಂದಿನ ಸ್ಕ್ರೀನ್ ಹೇಗಿರಬೇಕು, ಯಾವ ಅಂಕಿ ಎಲ್ಲಿ ಕಾಣಬೇಕು, ಯಾವ ಬಟನ್ ಮೇಲೆ ಯಾವ ಮಾತು ಬರೆಯಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿತ್ತು. ದಾಂಡೇಲಿಯ ಒಂದು ವರ್ಕ್‌ಶಾಪಿನವರು ತಮ್ಮ ಎರಡು ಲೇತ್‌ಗಳನ್ನು ಹೀಗೆ ಬದಲಿಸಿಕೊಡಲು ಕೇಳಿದ್ದರು. ಕಾರ್ಖಾನೆಗಳಿಗೆ ಬೇಕಾಗುವ ಶಾಫ್ಟು, ಬುಶ್ಶುಗಳನ್ನು ಅಲ್ಲಿ ಕಡೆಯುತ್ತಿದ್ದರು. ಉಸ್ತಾದರು ಅಲ್ಲಿ ಎಲ್ಲರಿಗಿಂತ ಹಿರಿಯ ಟರ್ನರ್, ಅಂದರೆ ಲೇತ್ ನಡೆಸುವವರು. ಅವರ ಹೆಸರು ಹಿಡಿದು ಕರೆದವರನ್ನು ನಾನು ಕೇಳಲೇ ಇಲ್ಲ. ಮಾಲೀಕರು ಕೂಡ ಉಸ್ತಾದರೆಂದೇ ಅನ್ನುತ್ತಿದ್ದರು.

ಮೊದಲ ದಿನವೇ ಅವರು ನನಗೊಂದು ಸ್ಟೂಲ್ ಹಾಕಿಸಿ, “ಎಂಟ ದಿನ ಇಲ್ಲೆ ಕುಂದ್ರು. ಏನೂ ಕೇಳಬ್ಯಾಡ, ನೋಡು,” ಎಂದರು. ನಾನು ಪ್ರಶ್ನೆಗಳ ಪಟ್ಟಿಯನ್ನೇ ತಂದಿದ್ದೆ. ಅದನ್ನು ಕೈಗೆ ತೆಗೆದುಕೊಂಡು ಒಂದು ಸಲ ಕಣ್ಣಾಡಿಸಿ ಹಿಂದಕ್ಕೆ ಕೊಟ್ಟರು. ಕೈಗವಸು ಹಾಕಿ ಬಟನ್ ಒತ್ತುತ್ತೀರಾ ಎಂಬುದು ಅದರಲ್ಲಿನ ಮೊದಲ ಪ್ರಶ್ನೆ. ತಿರುಗುವ ಲೇತಿಗೆ ಕೈಗವಸು ಸಿಕ್ಕಿಕೊಂಡರೆ ಕೈ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಆಮೇಲೆ ನಾಲ್ಕು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಹಳಿಯಾಳದ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು, ಸ್ಟೂಲಿನ ಮೇಲೆ ಕೂತು, ಸಂಜೆ ಬಸ್ಸಿಗೆ ಮರಳುತ್ತಿದ್ದೆ. ಸಿಟ್ಟು ಬರುತ್ತಿತ್ತು.

ಆದರೆ ಕೂತಿದ್ದರಿಂದ ಕೆಲವು ಸಂಗತಿ ತಿಳಿದವು. ಉಸ್ತಾದರು ಮಷೀನ್ ಮುಟ್ಟುವ ಮೊದಲು ಹಳೆಯ ಲುಂಗಿಯ ತುಂಡಿನಿಂದ ಅದರ ಮೈ ಒರೆಸುತ್ತಿದ್ದರು. ಮಷೀನ್ ನಡೆಯುವಾಗ ಎಡ ಅಂಗೈಯನ್ನು ಅದರ ಪೆಟ್ಟಿಗೆಯ ಮೇಲೆ ಇಟ್ಟುಕೊಂಡು, ನಡುಕ ಹೆಚ್ಚಾದರೆ ಕಣ್ಣಿಗೆ ಏನೂ ಕಾಣುವ ಮೊದಲೇ ನಿಲ್ಲಿಸುತ್ತಿದ್ದರು. ಶುಕ್ರವಾರ ನಮಾಜಿಗೆ ಹೊರಡುವಾಗ ತಮ್ಮ ಮಷೀನನ್ನು ತಾವೇ ನಿಲ್ಲಿಸಿ ಹೋಗುವರು. ನಡೆಯುವ ಮಷೀನನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅವರ ಕಣ್ಣು ಯಾವಾಗಲೂ ಟೂಲಿನ ಮೇಲೆ, ಅಂದರೆ ಕಬ್ಬಿಣವನ್ನು ಕೆತ್ತುವ ಆ ಸಣ್ಣ ಉಳಿಯ ಮೇಲೆ ಇರುತ್ತಿತ್ತು. ಪರೀಕ್ಷೆಗೆಂದು ಅವರ ಲೇತಿಗೆ ಜೋಡಿಸಿದ್ದ ಸ್ಕ್ರೀನಿನ ಕಡೆ ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ ನೋಡುವರು. ಆ ಹೊತ್ತಿನಲ್ಲಿ ಅವರಿಗೆ ಬೇಕಾದದ್ದು ಒಂದೇ ಅಂಕಿ: ಟೂಲ್ ಇನ್ನೆಷ್ಟು ದೂರ ಹೋಗಬೇಕು ಎಂಬುದು. ನಾನು ಮಾಡಿದ ಸ್ಕ್ರೀನಿನಲ್ಲಿ ಅದು ಕೆಳಮೂಲೆಯಲ್ಲಿ ಅವರೆಕಾಳಿನಷ್ಟು ಇತ್ತು. ಕಂಪನಿಯ ಗುರುತು ಮಾತ್ರ ಮೇಲೆ ಅಂಗೈಯಗಲ ಇತ್ತು.

ಎಂಟು ದಿನ ಕೂರಲು ನನಗಾಗಲಿಲ್ಲ. ಐದನೆಯ ದಿನ ನಮ್ಮ ಮ್ಯಾನೇಜರ್ ಫೋನ್ ಮಾಡಿ, ಸ್ಕ್ರೀನ್ ತಕ್ಷಣ ಮುಗಿಸಬೇಕೆಂದು ಹುಬ್ಬಳ್ಳಿಗೆ ಕರೆದರು. ಹೊರಡುವಾಗ ಉಸ್ತಾದರು, ಇನ್ನೂ ಮೂರು ದಿನ ಉಳಿದವಲ್ಲ ಎಂದಷ್ಟೇ ಹೇಳಿದರು. ಹುಬ್ಬಳ್ಳಿಯಲ್ಲಿ ಕೂತು ಅಂಕಿಯನ್ನು ದೊಡ್ಡದು ಮಾಡಿದೆ, ಟಚ್‌ಸ್ಕ್ರೀನನ್ನು ಬದಲಿಸಿ ಒತ್ತಿದರೆ ಒಳಹೋಗುವ ನಿಜವಾದ ಬಟನ್‌ಗಳನ್ನು ಹಾಕಿಸಿದೆ. ಮಾಲೀಕರು ಎಲ್ಲವೂ ಕನ್ನಡದಲ್ಲಿರಲಿ ಎಂದಿದ್ದರು. ಅದೊಂದು ನನಗೆ ಬಹಳ ಹೆಮ್ಮೆಯ ಕೆಲಸ. ಒಂದೇ ಮಧ್ಯಾಹ್ನದಲ್ಲಿ ಎಲ್ಲ ಬಟನ್‌ಗಳಿಗೂ ಕನ್ನಡ ಮಾತು ಬರೆದು ಮುಗಿಸಿದೆ. ಸ್ಕ್ರೀನಿನಲ್ಲಿ ಒಂದು ಪುಟದಿಂದ ಮೊದಲಿನ ಪುಟಕ್ಕೆ ಮರಳುವ ಬಟನ್‌ಗೆ ‘ಹಿಂದೆ’ ಎಂದು ಬರೆದೆ. ಯಾರನ್ನೂ ಕೇಳಲಿಲ್ಲ.

ಹೀಗೆ ಬದಲಿಸಿದ ಒಂದು ಲೇತಿಗೆ ಮಾಲೀಕರು ಜೋಯಿಡಾ ಕಡೆಯ ಒಬ್ಬ ಆಪರೇಟರನ್ನು ಹಾಕಿದ್ದರು. ನಲವತ್ತು ದಾಟಿದವರು. ಮನೆಮಾತು ಕೊಂಕಣಿ. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಮಷೀನ್ ಒಪ್ಪಿಸಿದ ಮೂರನೆಯ ದಿನ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಶಾಫ್ಟನ್ನು ಚಕ್ಕಿಗೆ ಕಟ್ಟಿದರು. ಚಕ್ ಎಂದರೆ ಜಾಬನ್ನು, ಅಂದರೆ ಕಡೆಯಬೇಕಾದ ಕಬ್ಬಿಣವನ್ನು, ಹಲ್ಲುಗಳಲ್ಲಿ ಕಚ್ಚಿ ಹಿಡಿದು ತಿರುಗಿಸುವ ಭಾಗ. ಅಳತೆ ತುಂಬುವಾಗ ಎಲ್ಲೋ ಒಂದು ಅಂಕಿ ತಪ್ಪಿತ್ತು. ಟೂಲ್ ನಿಲ್ಲಬೇಕಾದಲ್ಲಿ ನಿಲ್ಲದೆ ಚಕ್ಕಿನ ಕಡೆಗೇ ಸಾಗತೊಡಗಿತು. ಅದನ್ನು ಅವರು ಸಮಯಕ್ಕೆ ಸರಿಯಾಗಿಯೇ ನೋಡಿದರು. ಕೈ ಚಾಚಿ ಒಂದು ಬಟನ್ ಒತ್ತಿದರು. ಸ್ಕ್ರೀನಿನ ಪುಟ ಬದಲಾಯಿತು, ಟೂಲ್ ನಿಲ್ಲಲಿಲ್ಲ. ಮತ್ತೆ ಒತ್ತಿದರು. ಇನ್ನೊಂದು ಪುಟ ಬಂತು. ಪಕ್ಕದ ಮಷೀನಿನಿಂದ ಉಸ್ತಾದರು ಓಡಿಬಂದು ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಕೆಂಪು ಗುಂಡಿಯನ್ನು ಬಡಿಯುವಷ್ಟರಲ್ಲಿ ಟೂಲ್ ಚಕ್ಕಿನ ಹಲ್ಲಿಗೆ ತಾಗಿ ಒಡೆಯಿತು. ಒಂದು ಚೂರು ಹಾರಿ ಆಪರೇಟರರ ಹುಬ್ಬಿಗೆ ಬಡಿಯಿತು.

ಕಣ್ಣು ಉಳಿದಿತ್ತು. ಹುಬ್ಬಿನ ಮೇಲೆ ಐದು ಹೊಲಿಗೆ ಬಿದ್ದವು. ಮಾಲೀಕರು, ಇವನಿಗೆ ಓದಲೇ ಬರುವುದಿಲ್ಲ, ಇನ್ನು ಇವನು ಬೇಡ ಎಂದರು. ನಮ್ಮ ಮ್ಯಾನೇಜರ್ ಫೋನಿನಲ್ಲಿ, ಆಪರೇಟರನ ತಪ್ಪು ಎಂದು ವರದಿ ಬರೆದು ಸಂಜೆಯೊಳಗೆ ಕಳಿಸು ಎಂದರು. ಅಂಕಿ ತಪ್ಪು ತುಂಬಿದ್ದು ಆಪರೇಟರೇ ಆದ್ದರಿಂದ ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ಹಾಗೆಯೇ ಎರಡು ಸಾಲು ಬರೆದೆ.

ಉಸ್ತಾದರು ಬಂದು ಪಕ್ಕದಲ್ಲಿ ನಿಂತರು. “ಅಂವ ಯಾಕ ಆ ಬಟನ್ ಒತ್ತಿದ ಅಂತ ಕೇಳಿದ್ಯೇನು?”

ಕೇಳಿರಲಿಲ್ಲ. ಅವರೇ ತಮ್ಮ ಸ್ಕೂಟರಿನ ಮೇಲೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಪರೇಟರ್ ಬೆಂಚಿನ ಮೇಲೆ ಕೂತಿದ್ದರು. ಹೆಂಡತಿಗೆ ಇನ್ನೂ ತಿಳಿಸಿರಲಿಲ್ಲವಂತೆ. ಯಾಕೆ ಒತ್ತಿದಿರಿ ಎಂದು ಕೇಳಿದೆ. ಅವರು ನನ್ನನ್ನು ನೋಡಿ, ತಾವೇನೋ ತಪ್ಪು ಒಪ್ಪಿಕೊಳ್ಳಬೇಕು ಎನ್ನುವವರ ಹಾಗೆ ಮೆಲ್ಲಗೆ ಹೇಳಿದರು:

“ಟೂಲ್ ಹಿಂದ ಬರ್ಲಿ ಅಂತ ಒತ್ತಿದೆ ಮೇಡಮ್. ಹಿಂದೆ ಅಂತ ಬರದಿತ್ತಲ್ರಿ.”

ಅವರು ಓದಿದ್ದರು. ಸರಿಯಾಗಿಯೇ ಓದಿದ್ದರು. ಟೂಲನ್ನು ಹಿಂದಕ್ಕೆ ತರಬೇಕಾದ ಗಳಿಗೆಯಲ್ಲಿ ‘ಹಿಂದೆ’ ಎಂದು ಬರೆದದ್ದನ್ನು ಒತ್ತಿದ್ದರು. ಆ ಮಾತು ಪುಟದ್ದು, ಟೂಲಿನದ್ದಲ್ಲ ಎಂಬುದು ಹುಬ್ಬಳ್ಳಿಯ ಆಫೀಸಿನಲ್ಲಿ ಕೂತ ನನಗೊಬ್ಬಳಿಗೆ ಗೊತ್ತಿತ್ತು.

ಹೊರಗೆ ಬಂದ ಮೇಲೆ ಉಸ್ತಾದರು ಬೈಯುವರೆಂದು ಕಾದೆ. ಬೈಯಲಿಲ್ಲ. “ಏನ ಬರೀಬೇಕೋ ನೀನ ಬರಿ. ನಾ ಹೇಳೂದಿಲ್ಲ. ಆದ್ರ ಕಳಿಸೂಕಿಂತ ಮೊದ್ಲ ಅವನ ಮುಂದ ಓದು,” ಎಂದರು.

ಆಪರೇಟರರ ಮುಂದೆ ಆ ಎರಡು ಸಾಲು ಓದಲು ನನ್ನಿಂದಾಗುತ್ತಿರಲಿಲ್ಲ. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಮತ್ತೆ ಬರೆದೆ. ಅಂಕಿ ತಪ್ಪಿದ್ದು ನಿಜ, ಆದರೆ ಅಪಾಯ ಕಂಡು ಆಪರೇಟರ್ ಸರಿಯಾದ ಹೊತ್ತಿಗೆ ಕೈ ಹಾಕಿದ್ದರು, ಬಟನ್ ಮೇಲಿನ ಮಾತು ಅವರನ್ನು ದಾರಿ ತಪ್ಪಿಸಿತು, ಆ ಮಾತನ್ನು ಬರೆದವಳು ನಾನು ಎಂದು ಬರೆದೆ. ಒಳಗೆ ಹೋಗಿ ಓದಿದೆ. ಆಪರೇಟರ್ ತಲೆ ತಗ್ಗಿಸಿ ಕೇಳಿದರು. ಉಸ್ತಾದರು ಗೋಡೆಗೆ ಒರಗಿ ನಿಂತಿದ್ದರು. ಒಂದು ಪ್ರತಿಯನ್ನು ಮಾಲೀಕರಿಗೂ ಕೊಡು ಎಂದರು. ಕೊಟ್ಟೆ. ಆಪರೇಟರರ ಕೆಲಸ ಉಳಿಯಿತು.

ಹಿಂದಿರುಗುವಾಗ ಉಸ್ತಾದರು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದರು. ನಾನು ಕೇಳದೆಯೇ ಒಂದು ಸಂಗತಿ ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ, ಜೊತೆಗಾರನೊಬ್ಬನ ಎರಡು ಬೆರಳು ಹೋದವಂತೆ. ಮಷೀನಿನ ಬ್ರೇಕ್ ಹಿಡಿಯುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ತಪ್ಪು ಅವನದೇ ಎಂದು ಬರೆದ ಕಾಗದಕ್ಕೆ ಸಾಕ್ಷಿ ಬೇಕಾಗಿತ್ತು.

“ನಾ ಸಹಿ ಮಾಡಿದೆ,” ಎಂದರು. “ಅಂವ ಆಮ್ಯಾಲ ಎಲ್ಲಿ ಹೋದ, ಏನ ಮಾಡಿದ, ನಂಗ ಗೊತ್ತಿಲ್ಲ. ಹುಡಿಕೀನಿ, ಸಿಗಲಿಲ್ಲ.”

ಇದನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಆ ವರದಿಯಿಂದ ಮ್ಯಾನೇಜರಿಗೆ ಬಂದ ಸಿಟ್ಟು ಬೇಗ ಇಳಿಯಲಿಲ್ಲ. ಆರು ತಿಂಗಳು ನನ್ನನ್ನು ಸ್ಕ್ರೀನ್ ಕೆಲಸದಿಂದ ತೆಗೆದು, ಗಿರಾಕಿಗಳ ದೂರಿಗೆ ಫೋನಿನಲ್ಲಿ ಉತ್ತರ ಕೊಡಲು ಕೂರಿಸಿದರು. ಬಿಟ್ಟುಬಿಡೋಣ ಅನ್ನಿಸುತ್ತಿತ್ತು. ಆದರೆ ಫೋನ್ ಮಾಡಿದ ಪ್ರತಿಯೊಬ್ಬರಿಗೂ, ಆ ಬಟನ್ ಒತ್ತಿದರೆ ಏನಾಗುತ್ತದೆ ಎಂದುಕೊಂಡಿದ್ದಿರಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಉತ್ತರಗಳನ್ನು ಬರೆದಿಟ್ಟೆ. ಅವನ್ನು ಓದಿದ ಕಂಪನಿಯ ಯಜಮಾನರು ನನ್ನನ್ನು ಮತ್ತೆ ದಾಂಡೇಲಿಗೆ ಕಳಿಸಿದರು. ಈ ಸಲ ದಿನಗಳ ಮಿತಿ ಹಾಕಲಿಲ್ಲ.

ಉಸ್ತಾದರ ಪರೀಕ್ಷೆಗಳು ಬಹಳ ಸರಳ. ಸ್ಕ್ರೀನಿನ ಮೇಲೆ ಎಣ್ಣೆಬಟ್ಟೆ ಎಳೆದು, ಈಗ ಓದು ಎನ್ನುವರು. ಪಶ್ಚಿಮದ ಕಿಟಕಿಯ ಬಿಸಿಲು ಬಿದ್ದಾಗ ಓದು ಎನ್ನುವರು. ತಮ್ಮ ಕನ್ನಡಕ ತೆಗೆದಿಟ್ಟು ತಾವೇ ದೂರದಿಂದ ಓದುವರು. ಪ್ರತಿಯೊಂದು ಬಟನ್ ಮೇಲಿನ ಮಾತನ್ನು ಬರೀ ಕಾಗದದ ಮೇಲೆ ಬರೆಸಿ, ವರ್ಕ್‌ಶಾಪಿನ ಒಬ್ಬೊಬ್ಬರನ್ನೇ ಕರೆದು, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳುವರು. ಇಬ್ಬರು ಬೇರೆ ಬೇರೆ ಹೇಳಿದರೆ ಆ ಮಾತು ಹೋಯಿತು. ‘ಹಿಂದೆ’ ಹೋಗಿ ‘ಮೊದಲಿನ ಪುಟ’ ಬಂತು. ಟೂಲನ್ನು ಜಾಬಿನಿಂದ ದೂರ ಸರಿಸಲು ಪ್ರತ್ಯೇಕ ಬಟನ್ ಮಾಡಿ ‘ಟೂಲ್ ದೂರ’ ಎಂದು ಬರೆದೆವು. ಆ ಎರಡು ಮಾತನ್ನು ಸೂಚಿಸಿದವರು ಜೋಯಿಡಾದ ಆಪರೇಟರೇ. ನನ್ನ ಕಿವಿಗೆ ‘ಟೂಲ್ ದೂರ’ ಒರಟಾಗಿ ಕೇಳಿತ್ತು. ಉಸ್ತಾದರು, “ಚಂದ ಆಮ್ಯಾಲ ನೋಡೂಣು,” ಎಂದರು. ಆ ಸ್ಕ್ರೀನ್ ಇವತ್ತಿಗೂ ನಡೆಯುತ್ತಿದೆ. ಅದನ್ನು ಬಳಸುವ ಕೈಪಿಡಿಯಲ್ಲಿ ಅವರಿಗೆ ಕೃತಜ್ಞತೆ ಬರೆಯುತ್ತೇನೆಂದಾಗ, ಬೇಡವೆಂದು ಖಡಾಖಂಡಿತವಾಗಿ ಹೇಳಿದರು.

ಕಳೆದ ವರ್ಷ ಅವರು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹದಿನೈದು ದಿನ ಇದ್ದರು. ಕಿಡ್ನಿ ಕೈಕೊಟ್ಟಿತ್ತು. ನಾನು ಆಫೀಸಿನಿಂದ ಆಗಾಗ ಹೋಗುತ್ತಿದ್ದೆ. ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ಅವರ ಹಾಸಿಗೆಯ ಪಕ್ಕದ ಔಷಧಿ ಪಂಪು ಕೂಗತೊಡಗಿತು. ಹೊಸ ನರ್ಸೊಬ್ಬಳು ಬಂದು ಗಾಬರಿಯಿಂದ ಎರಡು ಮೂರು ಬಟನ್ ಒತ್ತಿದಳು, ನಿಲ್ಲಲಿಲ್ಲ. ಉಸ್ತಾದರ ಮಗ ಸಿಟ್ಟಾಗಿ ಅವಳಿಗೆ ಏನೋ ಅಂದ. ಉಸ್ತಾದರು ಕೈ ಎತ್ತಿ ಅವನನ್ನು ತಡೆದರು.

“ಅಕಿಗೆ ಬೈಬ್ಯಾಡ,” ಎಂದು ಮಗನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಇದನ್ನ ಮಾಡಿದಾಂವ ಅಕೀ ಬಾಜೂಕ ಬಂದ ನಿಂತಿಲ್ಲ, ನೋಡು.”

ಅವಳು ಹಿರಿಯ ನರ್ಸೊಬ್ಬರನ್ನು ಕರೆತಂದಳು, ಪಂಪು ಸುಮ್ಮನಾಯಿತು. ಉಸ್ತಾದರು ನನಗೆ ಹೇಳಿದ ಕೊನೆಯ ಪೂರ್ತಿ ಮಾತು ಅದೇ. ನಾಲ್ಕು ದಿನದ ಮೇಲೆ ತೀರಿಕೊಂಡರು. ದಾಂಡೇಲಿಯಲ್ಲಿ ಅವರ ಮನೆಗೆ ಹೋದಾಗ ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಹೋದ ತಿಂಗಳು ಜೋಯಿಡಾದ ಆಪರೇಟರ್ ಫೋನ್ ಮಾಡಿದರು. ವರ್ಕ್‌ಶಾಪಿಗೆ ಬೇರೆ ಯಾವುದೋ ಕಂಪನಿಯ ಹೊಸ ಮಷೀನ್ ಬಂದಿದೆ, ಮೊದಲ ಜಾಬ್ ಹಾಕುವಾಗ ಒಂದು ಸಲ ಬಂದು ನಿಲ್ಲುತ್ತೀರಾ ಎಂದು ಕೇಳಿದರು. ಅದು ನಮ್ಮ ಕಂಪನಿಗೆ ಸಂಬಂಧಪಟ್ಟದ್ದಲ್ಲ, ರಜೆ ಹಾಕಿ ಹೋದೆ. ಮಷೀನ್ ಶುರು ಮಾಡುವ ಮೊದಲು ಇಬ್ಬರೂ ಕೂಡಿ ಒಂದೊಂದೇ ಬಟನ್ ಓದಿದೆವು. ಒಂದು ಬಟನ್‌ಗೆ ನಾನೊಂದು ಅರ್ಥ ಹೇಳಿದೆ, ಅವರೊಂದು ಹೇಳಿದರು. ಖಾಲಿ ಮಷೀನ್ ನಡೆಸಿ ನೋಡಿದಾಗ ಇಬ್ಬರದೂ ತಪ್ಪಾಗಿತ್ತು. ಆ ಮಷೀನ್ ಮಾಡಿದ ಕಂಪನಿಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಆಪರೇಟರ್ ಉತ್ತರಕ್ಕೆ ಕಾಯಲಿಲ್ಲ. ಬಿಳಿ ಟೇಪಿನ ತುಂಡು ಕತ್ತರಿಸಿ ಆ ಬಟನ್ ಮೇಲೆ ಅಂಟಿಸಿದರು. ಪೆನ್ನು ಹಿಡಿದು, ಅದು ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಅಕ್ಷರ ಕೂಡಿಸುತ್ತ ಕನ್ನಡದಲ್ಲಿ ಬರೆದರು. ಬರೆದದ್ದನ್ನು ಪಕ್ಕದ ಮಷೀನಿನವರಿಗೆ ತೋರಿಸಿ, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಕೇಳಿದರು. ಅವರು ಸರಿಯಾಗಿ ಹೇಳಿದ ಮೇಲೆಯೇ ಜಾಬ್ ಕಟ್ಟಿದರು.